ಪಲ್ಮನರಿ ಹೈಪರ್‌ಟೆನ್ಷನ್ ಇರುವವರಿಗೆ ಎದೆನೋವು ಬಂದರೆ: ಮೊದಲೇ ಮಾಡಿಟ್ಟುಕೊಳ್ಳಬೇಕಾದದ್ದು, ಆ ಹೊತ್ತಿನಲ್ಲಿ ಮಾಡಬೇಕಾದದ್ದು

ತೋಳಿಗೆ ಪಟ್ಟಿ ಸುತ್ತಿ ಅಳೆದ ಬಿ.ಪಿ. ಸರಿಯಾಗಿಯೇ ಇರುತ್ತದೆ, ಆದರೂ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಎದೆಯ ನಡುವೆ ಹಿಂಡಿದಂತಾಗುತ್ತದೆ. ಪರೀಕ್ಷೆಗಳಾದ ಮೇಲೆ ವೈದ್ಯರು ಹೈಪರ್‌ಟೆನ್ಷನ್ ಎಂಬ ಪದವನ್ನೇ ಬಳಸಿದಾಗ ರೋಗಿಗೂ ಮನೆಯವರಿಗೂ ಗೊಂದಲವಾಗುವುದು ಸಹಜ. ಇಲ್ಲಿ ಏರಿರುವುದು ಹೃದಯದ ಬಲಭಾಗದಿಂದ ಶ್ವಾಸಕೋಶಗಳಿಗೆ ರಕ್ತ ಒಯ್ಯುವ ಅಪಧಮನಿಗಳ ಒತ್ತಡ, ಅದನ್ನು ತೋಳಿನ ಪಟ್ಟಿ ತೋರಿಸಲಾರದು. ಆರೋಗ್ಯವಂತರು ವಿಶ್ರಾಂತಿಯಲ್ಲಿರುವಾಗ ಈ ಒತ್ತಡದ ಸರಾಸರಿ ಸುಮಾರು 14 ಮಿ.ಮೀ. ಪಾದರಸದಷ್ಟಿರುತ್ತದೆ. ಅದು 20ನ್ನು ಮೀರಿದರೆ ಪಲ್ಮನರಿ ಹೈಪರ್‌ಟೆನ್ಷನ್ ಎಂದು ಈಗ ಪರಿಗಣಿಸುತ್ತಾರೆ. 1973ರಿಂದ ದಶಕಗಳ ಕಾಲ ಈ ಗೆರೆ 25ರಲ್ಲಿತ್ತು. 2018ರ ವಿಶ್ವ ಸಮಾವೇಶದಲ್ಲಿ ತಜ್ಞರು ಅದನ್ನು 20ಕ್ಕೆ ಇಳಿಸಲು ಸೂಚಿಸಿದರು, 2022ರ ಯುರೋಪಿನ ಮಾರ್ಗಸೂಚಿಯೂ ಅದನ್ನು ಒಪ್ಪಿಕೊಂಡಿತು. ಆದ್ದರಿಂದ ಹಳೆಯ ವರದಿಯಲ್ಲಿ 'ಗಡಿಯಲ್ಲಿದೆ' ಎಂದು ಬರೆಸಿಕೊಂಡು ಬಂದವರು ಈಗ ಅದರ ಅರ್ಥವೇನೆಂದು ಇನ್ನೊಮ್ಮೆ ಕೇಳುವುದು ಒಳ್ಳೆಯದು.

ಈ ಕಾಯಿಲೆಯಲ್ಲಿ ಬರುವ ಎದೆನೋವಿಗೆ ಸಾಮಾನ್ಯ ಹೃದಯರೋಗಿಗಳಿಗೆ ಹೇಳುವ ಸಲಹೆಗಳೆಲ್ಲ ಹೊಂದುವುದಿಲ್ಲ, ಕೆಲವಂತೂ ಅಪಾಯವನ್ನೇ ತರುತ್ತವೆ. ನೋವು ಬಂದ ಮೇಲೆ ಓದಿ ತಿಳಿದುಕೊಳ್ಳಲು ಸಮಯವಿರುವುದಿಲ್ಲವಾದ್ದರಿಂದ ಈ ಲೇಖನದ ಮೊದಲ ಅರ್ಧವನ್ನು ಮೊದಲೇ ಮಾಡಿಟ್ಟುಕೊಳ್ಳಬೇಕಾದ ಕೆಲಸಗಳಿಗೆ ಮೀಸಲಿಟ್ಟಿದ್ದೇನೆ. ಈಗಲೇ ಎದೆನೋವು ಇದ್ದವರು ಓದುವುದನ್ನು ನಿಲ್ಲಿಸಿ ತುರ್ತು ಸೇವೆಗೆ ಕರೆ ಮಾಡಿ.

ಹಂತ 1: ನಿಮ್ಮದು ಯಾವ ಗುಂಪಿನ ಕಾಯಿಲೆ ಎಂದು ತಿಳಿದುಕೊಳ್ಳಿ

ಪಲ್ಮನರಿ ಹೈಪರ್‌ಟೆನ್ಷನ್ ಎಂಬುದು ಒಂದೇ ಕಾಯಿಲೆಯ ಹೆಸರಲ್ಲ. ಕಾರಣಗಳನ್ನು ಅನುಸರಿಸಿ ಅದನ್ನು ಐದು ಗುಂಪುಗಳಾಗಿ ವಿಂಗಡಿಸಿದ್ದಾರೆ. ಶ್ವಾಸಕೋಶದ ಸಣ್ಣ ಅಪಧಮನಿಗಳೇ ದಪ್ಪಗಟ್ಟಿ ಕಿರಿದಾಗುವುದು ಮೊದಲ ಗುಂಪು. ಹೃದಯದ ಎಡಭಾಗದ ದೌರ್ಬಲ್ಯದಿಂದಲೋ ಕವಾಟದ ತೊಂದರೆಯಿಂದಲೋ ಒತ್ತಡ ಹಿಂದಕ್ಕೆ ಸರಿದು ಶ್ವಾಸಕೋಶಕ್ಕೆ ತಟ್ಟುವುದು ಎರಡನೆಯದು, ಇದೇ ಎಲ್ಲಕ್ಕಿಂತ ಹೆಚ್ಚು ಕಾಣಸಿಗುವ ಗುಂಪು. ಮೂರನೆಯದು ಶ್ವಾಸಕೋಶದ ಕಾಯಿಲೆ ಮತ್ತು ಆಮ್ಲಜನಕದ ಕೊರತೆಯಿಂದ ಬರುತ್ತದೆ, ನಾಲ್ಕನೆಯದು ಹಳೆಯ ರಕ್ತದ ಹೆಪ್ಪುಗಳು ಕರಗದೆ ಉಳಿದುಕೊಂಡಾಗ ಬರುತ್ತದೆ. ಹಲವು ಕಾರಣಗಳು ಬೆರೆತಿರುವುದು ಅಥವಾ ಕಾರಣ ಸ್ಪಷ್ಟವಾಗದಿರುವುದು ಐದನೆಯದು.

ಎದೆನೋವಿನ ಲೇಖನದಲ್ಲಿ ಈ ವಿಂಗಡಣೆ ಏಕೆ ಬೇಕೆಂದರೆ, ನೋವಿನ ಅರ್ಥವೂ ಅದಕ್ಕೆ ಕೊಡುವ ಔಷಧವೂ ಗುಂಪಿನಿಂದ ಗುಂಪಿಗೆ ಬದಲಾಗುತ್ತವೆ. ನಾಲ್ಕನೇ ಗುಂಪಿನವರಲ್ಲಿ ಹೊಸ ನೋವು ಕಂಡರೆ ಮತ್ತೊಂದು ಹೆಪ್ಪು ಬಂದು ಸಿಲುಕಿತೇ ಎಂಬ ಪ್ರಶ್ನೆ ಮೊದಲು ಏಳುತ್ತದೆ. ಎರಡನೇ ಗುಂಪಿನವರಲ್ಲಿ ಹೃದಯದ ರಕ್ತನಾಳಗಳೇ ಕಟ್ಟಿಕೊಂಡಿರುವ ಸಂಭವ ಹೆಚ್ಚು. ಮೊದಲ ಗುಂಪಿನವರಿಗೆ ಜೀವ ಉಳಿಸುವ ಮಾತ್ರೆ ಎರಡನೇ ಗುಂಪಿನವರಿಗೆ ಹಾನಿ ಮಾಡಬಹುದು. ಹೀಗಾಗಿ ಒಂದೇ ಹೆಸರಿನ ಕಾಯಿಲೆ ಇರುವ ಇಬ್ಬರು ತಮ್ಮ ತಮ್ಮ ಮಾತ್ರೆಗಳನ್ನು ಹೋಲಿಸಿ ನೋಡಿಕೊಳ್ಳುವುದರಿಂದ ಏನೂ ಪ್ರಯೋಜನವಿಲ್ಲ. ಮುಂದಿನ ಭೇಟಿಯಲ್ಲಿ 'ನನ್ನದು ಎಷ್ಟನೇ ಗುಂಪು' ಎಂದು ನೇರವಾಗಿ ಕೇಳಿ, ಉತ್ತರವನ್ನು ಬರೆದಿಟ್ಟುಕೊಳ್ಳಿ.

ಹಂತ 2: ನೋವು ಎಲ್ಲಿಂದ ಬರುತ್ತದೆ ಎಂಬುದನ್ನು ಅರ್ಥ ಮಾಡಿಕೊಳ್ಳಿ

ಹೃದಯದ ಬಲ ಹೃತ್ಕುಕ್ಷಿ ತೆಳುವಾದ ಗೋಡೆಯುಳ್ಳ ಕೋಣೆ. ಕಡಿಮೆ ಒತ್ತಡದಲ್ಲಿ ಹೆಚ್ಚು ರಕ್ತವನ್ನು ತಳ್ಳುವುದು ಅದರ ಸ್ವಭಾವಕ್ಕೆ ಒಗ್ಗಿದ ಕೆಲಸ. ಎದುರಿನ ಅಪಧಮನಿಯಲ್ಲಿ ಒತ್ತಡ ಏರುತ್ತ ಹೋದಂತೆ ಅದು ಮೊದಲು ಗೋಡೆಯನ್ನು ದಪ್ಪಗೊಳಿಸಿಕೊಂಡು ಹೊಂದಿಕೊಳ್ಳುತ್ತದೆ, ಅದೂ ಸಾಲದಾದಾಗ ಹಿಗ್ಗುತ್ತದೆ, ಹಿಗ್ಗಿದಷ್ಟೂ ಸೋಲುತ್ತದೆ. ಹಿಗ್ಗಿದ ಬಲ ಕೋಣೆ ನಡುಗೋಡೆಯನ್ನು ಎಡಕ್ಕೆ ಒತ್ತುವುದರಿಂದ ಎಡ ಕೋಣೆಗೂ ಸರಿಯಾಗಿ ತುಂಬಿಕೊಳ್ಳಲು ಜಾಗ ಸಿಗುವುದಿಲ್ಲ, ಆಗ ಇಡೀ ದೇಹಕ್ಕೆ ಹೋಗುವ ರಕ್ತವೇ ಕಡಿಮೆಯಾಗುತ್ತದೆ.

ನೋವಿನ ಮುಖ್ಯ ಕಾರಣ ಇಲ್ಲಿದೆ. ಸಾಮಾನ್ಯವಾಗಿ ಬಲ ಹೃತ್ಕುಕ್ಷಿಯ ಸ್ನಾಯುವಿಗೆ ಅದು ಸಂಕುಚಿಸುವಾಗಲೂ ಸಡಿಲಗೊಳ್ಳುವಾಗಲೂ ರಕ್ತ ಸಿಗುತ್ತಿರುತ್ತದೆ. ಒಳಗಿನ ಒತ್ತಡ ತೀರ ಏರಿದಾಗ ಸಂಕುಚಿಸುವ ಹೊತ್ತಿನ ಹರಿವು ಕುಗ್ಗಿಹೋಗುತ್ತದೆ. ದಪ್ಪಗಾದ ಸ್ನಾಯುವಿಗೆ ಬೇಕಾದ ಆಮ್ಲಜನಕ ಹೆಚ್ಚು, ದೊರೆಯುವುದು ಕಡಿಮೆ. ಇದರಿಂದಲೇ ಹೃದಯದ ರಕ್ತನಾಳಗಳಲ್ಲಿ ಒಂದಿಷ್ಟೂ ಕೊಬ್ಬು ಕಟ್ಟಿಲ್ಲದ ಚಿಕ್ಕ ವಯಸ್ಸಿನವರಿಗೂ ನಡೆಯುವಾಗ ಎದೆ ಹಿಂಡುವ ನೋವು ಬರುತ್ತದೆ. ಆಂಜಿಯೋಗ್ರಾಂ ಸರಿಯಿದೆ ಎಂಬ ಒಂದೇ ಕಾರಣಕ್ಕೆ ಈ ನೋವನ್ನು ಗ್ಯಾಸ್ ಎಂದೋ ಮನಸ್ಸಿನ ಭಯ ಎಂದೋ ತಳ್ಳಿಹಾಕುವುದು ತಪ್ಪು.

ಎರಡನೆಯ ಕಾರಣದ ಬಗ್ಗೆ ರೋಗಿಗಳಿಗೆ ತಿಳಿಸಿ ಹೇಳುವುದು ಕಡಿಮೆ. ವರ್ಷಗಟ್ಟಲೆ ಒತ್ತಡದಿಂದ ಊದಿದ ಶ್ವಾಸಕೋಶದ ಮುಖ್ಯ ಅಪಧಮನಿ ತನ್ನ ಪಕ್ಕದಲ್ಲೇ ಹಾದುಹೋಗುವ ಎಡ ಮುಖ್ಯ ಕೊರೊನರಿ ಅಪಧಮನಿಯನ್ನು (ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ) ಹೊರಗಿನಿಂದ ಅಮುಕಬಲ್ಲದು. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೊದಲ ಗುಂಪಿನ ಕಾಯಿಲೆಯ ಜೊತೆಗೆ ಹೃದಯಶೂಲೆಯ (ಆಂಜೈನಾ) ಲಕ್ಷಣವಿದ್ದ 121 ಮಂದಿಯನ್ನು ಪರೀಕ್ಷಿಸಿದಾಗ 48 ಮಂದಿಯಲ್ಲಿ ಈ ರಕ್ತನಾಳ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಕಿರಿದಾಗಿತ್ತು. ಸಿ.ಟಿ. ಕೊರೊನರಿ ಆಂಜಿಯೋಗ್ರಾಂನಲ್ಲಿ ಇದು ಕಾಣುತ್ತದೆ, ಸ್ಟೆಂಟ್ ಹಾಕಿ ಸರಿಪಡಿಸಲು ಸಾಧ್ಯವಿದೆ. ಮೊದಲ ಗುಂಪಿನವರಿಗೆ ಶ್ರಮದಿಂದ ಎದೆನೋವು ಮರುಕಳಿಸುತ್ತಿದ್ದರೆ 'ಎಡ ಮುಖ್ಯ ರಕ್ತನಾಳ ಅಮುಕಿರಬಹುದೇ, ಸಿ.ಟಿ. ಬೇಕೇ' ಎಂದು ವೈದ್ಯರನ್ನು ಕೇಳಲು ಸಂಕೋಚಪಡಬೇಕಾಗಿಲ್ಲ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಉಸಿರೆಳೆದಾಗ ಚುಚ್ಚುವ ನೋವು ಹೆಪ್ಪಿನಿಂದಲೋ ಶ್ವಾಸಕೋಶದ ಹೊದಿಕೆಯ ಉರಿಯೂತದಿಂದಲೋ ಬಂದಿರಬಹುದು. ಬೆರಳಿನಿಂದ ಒತ್ತಿದ ಜಾಗದಲ್ಲೇ ನೋಯುವುದು ಪಕ್ಕೆಲುಬು ಮತ್ತು ಸ್ನಾಯುಗಳ ನೋವಿನ ಲಕ್ಷಣ, ಊಟದ ನಂತರ ಮಲಗಿದಾಗ ಉರಿಯುವುದು ಹುಳಿತೇಗಿನ ಲಕ್ಷಣ. ಬಹಳ ಅಪರೂಪಕ್ಕೆ ಊದಿದ ಅಪಧಮನಿಯ ಗೋಡೆಯೇ ಸೀಳಿ ತಡೆಯಲಾರದ ನೋವು ಒಮ್ಮೆಲೇ ಬರುತ್ತದೆ. ಆ ಅಪಧಮನಿ ಧ್ವನಿಪೆಟ್ಟಿಗೆಯ ಎಡ ನರವನ್ನು ಒತ್ತಿದರೆ ಶೀತವಿಲ್ಲದೆಯೂ ದನಿ ಒಡೆಯುತ್ತದೆ. ವಾರಗಟ್ಟಲೆ ಗಂಟಲು ಸರಿಹೋಗದಿದ್ದರೆ ಅದನ್ನೂ ಹೃದಯದ ವೈದ್ಯರ ಗಮನಕ್ಕೆ ತನ್ನಿ.

ಹಂತ 3: ಚೆನ್ನಾಗಿರುವ ದಿನದ ಅಳತೆಗಳನ್ನು ಬರೆದಿಟ್ಟುಕೊಳ್ಳಿ

ತೊಂದರೆಯ ದಿನದಂದು ವೈದ್ಯರಿಗೆ ಬೇಕಾಗುವುದು ಹೋಲಿಕೆ. ನಿಮ್ಮ ನಿತ್ಯದ ತೂಕ, ವಿಶ್ರಾಂತಿಯಲ್ಲಿನ ನಾಡಿಬಡಿತ, ತೋಳಿನ ಬಿ.ಪಿ., ಬೆರಳಿಗೆ ಹಾಕುವ ಆಕ್ಸಿಮೀಟರ್ ತೋರಿಸುವ ಅಂಕಿ, ನಿಲ್ಲದೆ ಎಷ್ಟು ದೂರ ನಡೆಯಬಲ್ಲಿರಿ ಎಂಬುದು, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ತೂಕವನ್ನು ಬೆಳಿಗ್ಗೆ ಶೌಚ ಮುಗಿಸಿ, ತಿಂಡಿಗೆ ಮುಂಚೆ, ಒಂದೇ ತೂಕದ ಯಂತ್ರದಲ್ಲಿ ನೋಡಬೇಕು. ಹಿಂದಿನ ಇಸಿಜಿಯ ಸ್ಪಷ್ಟವಾದ ಫೋಟೋ ಮೊಬೈಲಿನಲ್ಲಿರಲಿ, ಇದು ಸಣ್ಣ ಕೆಲಸವಾದರೂ ಉಪಕಾರ ದೊಡ್ಡದು. ಬಲಭಾಗದ ಹೃದಯ ದಪ್ಪಗಾದವರ ಇಸಿಜಿ ಚೆನ್ನಾಗಿರುವ ದಿನವೂ ಹೃದಯಾಘಾತದಂತೆ ಕಾಣುವುದುಂಟು. ಹಳೆಯದು ಕೈಯಲ್ಲಿದ್ದರೆ ತುರ್ತು ವಿಭಾಗದ ವೈದ್ಯರು ಹೊಸ ಬದಲಾವಣೆ ಯಾವುದು, ಮೊದಲಿನಿಂದ ಇದ್ದದ್ದು ಯಾವುದು ಎಂಬುದನ್ನು ಕ್ಷಣದಲ್ಲಿ ಗುರುತಿಸುತ್ತಾರೆ.

ಪರೀಕ್ಷೆಯ ವರದಿಗಳಿಂದ ಕೆಲವು ಅಂಕಿಗಳನ್ನು ಆರಿಸಿಟ್ಟುಕೊಳ್ಳಿ. ಆರು ನಿಮಿಷದ ನಡಿಗೆ ಪರೀಕ್ಷೆಯಲ್ಲಿ 440 ಮೀಟರ್‌ಗಿಂತ ಹೆಚ್ಚು ನಡೆದರೆ ಅಪಾಯ ಕಡಿಮೆ, 165 ಮೀಟರ್‌ಗಿಂತ ಕಡಿಮೆಯಾದರೆ ಹೆಚ್ಚು ಎಂದು ಮೊದಲ ಗುಂಪಿನವರಿಗೆ ಎಣಿಸುತ್ತಾರೆ. ಹೃದಯದ ಮೇಲೆ ಹೊರೆ ಬಿದ್ದಾಗ ರಕ್ತದಲ್ಲಿ ಏರುವ ಎನ್‌ಟಿ-ಪ್ರೊಬಿಎನ್‌ಪಿ 300ರ ಒಳಗಿದ್ದರೆ ಸಮಾಧಾನ, 1100 ದಾಟಿದರೆ ಚಿಂತೆ. ಎಕೋ (ಹೃದಯದ ಅಲ್ಟ್ರಾಸೌಂಡ್) ವರದಿಯಲ್ಲಿ ಬಹುತೇಕರ ಕಣ್ಣು ಒತ್ತಡದ ಅಂಕಿಗೇ ಹೋಗುತ್ತದೆ, ಆದರೆ ಎಕೋ ಕೊಡುವುದು ಅಂದಾಜು ಮಾತ್ರ, ಬಲ ಹೃದಯದ ಕ್ಯಾತಿಟರ್ ಪರೀಕ್ಷೆಯಲ್ಲಿ ನೇರವಾಗಿ ಅಳೆದ ಒತ್ತಡಕ್ಕೂ ಅದಕ್ಕೂ ವ್ಯತ್ಯಾಸ ಬರುತ್ತದೆ. ನನ್ನ ಪ್ರಕಾರ ರೋಗಿ ಮೊದಲು ನೋಡಬೇಕಾದ ಸಾಲು ಬಲ ಹೃತ್ಕುಕ್ಷಿಯ ಕೆಲಸ ಹೇಗಿದೆ ಎಂಬುದು. ಟ್ಯಾಪ್ಸಿ ಎಂಬ ಅಳತೆ 17 ಮಿ.ಮೀ.ಗಿಂತ ಕೆಳಗಿದ್ದರೆ ಆ ಕೋಣೆಯ ಸಂಕುಚನ ಕುಂದಿದೆ ಎಂದರ್ಥ. ಒತ್ತಡ ಎಷ್ಟಿದೆ ಎಂಬುದಕ್ಕಿಂತ ಆ ಒತ್ತಡವನ್ನು ಹೃದಯ ಹೇಗೆ ತಾಳಿಕೊಂಡಿದೆ ಎಂಬುದೇ ಮುಂದಿನ ದಿನಗಳನ್ನು ನಿರ್ಧರಿಸುತ್ತದೆ. (ಕ್ಯಾತಿಟರ್ ಎಂದರೆ ಹೆದರುವವರಿಗೆ ಒಂದು ಮಾತು: 1929ರಲ್ಲಿ ವರ್ನರ್ ಫೋರ್ಸ್‌ಮನ್ ಎಂಬ ಜರ್ಮನ್ ವೈದ್ಯ ತನ್ನದೇ ತೋಳಿನ ನಾಳದ ಮೂಲಕ ಹೃದಯದವರೆಗೆ ನಳಿಕೆ ತೂರಿಸಿಕೊಂಡು, ನಡೆದೇ ಹೋಗಿ ಎಕ್ಸ್‌-ರೇ ತೆಗೆಸಿಕೊಂಡ. ಆ ಸಾಹಸಕ್ಕೆ 1956ರ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. ಇಂದು ಅದು ಅನುಭವಿ ಕೇಂದ್ರಗಳಲ್ಲಿ ದಿನನಿತ್ಯ ನಡೆಯುವ ಪರೀಕ್ಷೆ.)

ಹಂತ 4: ತುರ್ತು ಚೀಟಿಯನ್ನು ಬರೆದು ಪರ್ಸಿನಲ್ಲಿಟ್ಟುಕೊಳ್ಳಿ

ಇಡೀ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡಲು ಮನಸ್ಸಾದರೆ ಇದನ್ನು ಮಾಡಿ. ಎದೆ ಹಿಡಿದುಕೊಂಡು ಬಂದವರಿಗೆ ಮಾಮೂಲಿ ಹೃದಯಾಘಾತದ ಚಿಕಿತ್ಸೆ ಆರಂಭಿಸುವುದು ಯಾವ ಆಸ್ಪತ್ರೆಯಲ್ಲಾದರೂ ಸಹಜ. ಅಪರೂಪದ ಕಾಯಿಲೆಯನ್ನು ಅವರು ಮುಖ ನೋಡಿ ಕಂಡುಹಿಡಿಯಲಾರರು, ನೀವು ಮಾತನಾಡುವ ಸ್ಥಿತಿಯಲ್ಲಿ ಇರದೆಯೂ ಹೋಗಬಹುದು.

ಚೀಟಿಯಲ್ಲಿ ಕಾಯಿಲೆಯ ಹೆಸರು, ಗುಂಪು, ಎಲ್ಲ ಔಷಧಗಳ ಹೆಸರು ಮತ್ತು ಪ್ರಮಾಣ, ಚಿಕಿತ್ಸೆ ನೀಡುತ್ತಿರುವ ಕೇಂದ್ರದ ದೂರವಾಣಿ, ರಕ್ತ ತೆಳುಗೊಳಿಸುವ ಔಷಧ ಇದೆಯೇ ಎಂಬುದು ಇರಬೇಕು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ನೈಟ್ರೇಟ್ ವಿಷಯವನ್ನು ಬರೆಯಿರಿ. ಈ ಕಾಯಿಲೆಗೆ ಕೊಡುವ ಸಿಲ್ಡೆನಾಫಿಲ್, ಟಡಾಲಾಫಿಲ್ ಅಥವಾ ರಿಯೋಸಿಗುವಾಟ್ ತೆಗೆದುಕೊಳ್ಳುತ್ತಿರುವವರಿಗೆ ನಾಲಿಗೆಯ ಕೆಳಗಿಡುವ ನೈಟ್ರೋಗ್ಲಿಸರಿನ್, ಐಸೊಸಾರ್ಬೈಡ್ ಮೊದಲಾದ ನೈಟ್ರೇಟ್‌ಗಳನ್ನು ಕೊಟ್ಟರೆ ರಕ್ತದೊತ್ತಡ ಪಾತಾಳಕ್ಕೆ ಕುಸಿದು ಜೀವಕ್ಕೇ ಕುತ್ತಾಗಬಹುದು. ಸಿಲ್ಡೆನಾಫಿಲ್ ನುಂಗಿದ 24 ಗಂಟೆಗಳ ಒಳಗೆ, ಟಡಾಲಾಫಿಲ್ ನುಂಗಿದ 48 ಗಂಟೆಗಳ ಒಳಗೆ ನೈಟ್ರೇಟ್ ಕೊಡುವಂತಿಲ್ಲ. ಮನೆಯಲ್ಲಿ ಹಿರಿಯರಿಗೆಂದು ತಂದಿಟ್ಟ ನಾಲಿಗೆಯಡಿಯ ಮಾತ್ರೆಯನ್ನು ಒಳ್ಳೆಯ ಮನಸ್ಸಿನಿಂದಲೇ ಯಾರೋ ಬಾಯಿಗೆ ಹಾಕುವ ಸಂಭವ ಇರುವುದರಿಂದ ಇದು ಮನೆಯವರೆಲ್ಲರಿಗೂ ಗೊತ್ತಿರಬೇಕು.

ಪಂಪಿನ ಮೂಲಕ ಎಪೊಪ್ರೊಸ್ಟೆನಾಲ್ ಅಥವಾ ಟ್ರೆಪ್ರೊಸ್ಟಿನಿಲ್ ಹೋಗುತ್ತಿದ್ದರೆ ಚೀಟಿಯಲ್ಲಿ ಇನ್ನೂ ಮೂರು ಮಾತು ಸೇರಿಸಿ: ಪಂಪನ್ನು ನಿಲ್ಲಿಸಬಾರದು, ಆ ನಳಿಕೆಯಲ್ಲಿ ಬೇರೆ ಔಷಧ ಹಾಕಬಾರದು, ಅದನ್ನು ತೊಳೆಯಲೂಬಾರದು. ಎಪೊಪ್ರೊಸ್ಟೆನಾಲ್ ರಕ್ತದಲ್ಲಿ ಉಳಿಯುವುದು ಕೆಲವೇ ನಿಮಿಷ. ನಿಂತರೆ ಒತ್ತಡ ಮರಳಿ ಜಿಗಿಯುತ್ತದೆ, ನಳಿಕೆಯನ್ನು ತೊಳೆದರೆ ಒಳಗಿದ್ದ ಔಷಧವೆಲ್ಲ ಒಮ್ಮೆಲೇ ದೇಹ ಸೇರುತ್ತದೆ. ಕೊನೆಯದಾಗಿ, ಬಿ.ಪಿ. ಬಿದ್ದಿದೆ ಎಂದು ಬಾಟಲಿಗಟ್ಟಲೆ ಸಲೈನ್ ಏರಿಸುವ ಮುನ್ನ ತಜ್ಞರನ್ನು ಸಂಪರ್ಕಿಸಿ ಎಂದು ಬರೆಯಿರಿ, ಏಕೆಂದರೆ ಈಗಾಗಲೇ ಹಿಗ್ಗಿ ಸೋತಿರುವ ಬಲ ಕೋಣೆಗೆ ಹೆಚ್ಚಿನ ದ್ರವ ಹೊರೆಯಾಗುತ್ತದೆ.

ಹಂತ 5: ನೋವು ಬಂದ ಹೊತ್ತಿನಲ್ಲಿ

ಮಾಡುತ್ತಿರುವ ಕೆಲಸವನ್ನು ಅಲ್ಲಿಗೇ ಬಿಟ್ಟು ಬೆನ್ನಿಗೆ ಆಧಾರ ಕೊಟ್ಟು ನೆಟ್ಟಗೆ ಕುಳಿತುಕೊಳ್ಳಿ. ತಲೆ ಸುತ್ತಿ ಬೀಳುವಂತಾದರೆ ಮಾತ್ರ ಮಲಗಿ. ಮನೆಯಲ್ಲಿ ಆಮ್ಲಜನಕ ಬಳಸಲು ವೈದ್ಯರು ಹೇಳಿದ್ದರೆ ಅವರು ಹೇಳಿದ ಪ್ರಮಾಣದಲ್ಲಿ ಹಚ್ಚಿಕೊಳ್ಳಿ.

ನಂತರ ನೋವಿನ ಜೊತೆಗೆ ಬೇರೆ ಏನು ಬಂದಿದೆ ಎಂದು ನೋಡಿ. ಈ ಕಾಯಿಲೆಯಲ್ಲಿ ನೋವು ಎಷ್ಟು ಜೋರಾಗಿದೆ ಎಂಬುದು ಅಪಾಯದ ಸರಿಯಾದ ಅಳತೆಯಾಗುವುದಿಲ್ಲ, ಅದರೊಡನೆ ಬಂದ ಲಕ್ಷಣಗಳು ಹೆಚ್ಚು ಹೇಳುತ್ತವೆ. ಮೂರ್ಛೆ ಹೋಗುವುದು ಅಥವಾ ಕಣ್ಣು ಕತ್ತಲಿಟ್ಟು ಬೀಳುವಂತಾಗುವುದು, ಕುಳಿತಲ್ಲೇ ಏದುಸಿರು ಬರುವುದು, ಎದೆಬಡಿತ ಇದ್ದಕ್ಕಿದ್ದಂತೆ ಓಡತೊಡಗಿ ನಿಲ್ಲದಿರುವುದು, ಕೆಮ್ಮಿದಾಗ ರಕ್ತ ಬರುವುದು, ತುಟಿ ಮತ್ತು ಉಗುರು ನೀಲಿಯಾಗುವುದು, ತಣ್ಣನೆಯ ಬೆವರು, ನೋವು ತೋಳಿಗೋ ದವಡೆಗೋ ಹರಡುವುದು, ಒಂದೇ ಕಾಲು ಊದಿ ನೋಯುವುದು, ಇವುಗಳಲ್ಲಿ ಯಾವುದೊಂದಿದ್ದರೂ ತಡಮಾಡದೆ ಆಂಬುಲೆನ್ಸ್ ಕರೆಯಬೇಕು. ಇವು ಯಾವುವೂ ಇಲ್ಲದಿದ್ದರೂ ಹಿಂಡುವ ನೋವು ವಿಶ್ರಾಂತಿಯಿಂದ ಕೆಲವೇ ನಿಮಿಷಗಳಲ್ಲಿ ಇಳಿಯದಿದ್ದರೆ, ಅಥವಾ ಹಿಂದೆಂದೂ ಬಂದಿರದ ಬಗೆಯ ನೋವಾಗಿದ್ದರೆ, ಅದೇ ನಿರ್ಧಾರ ಸರಿ. ನೀವೇ ವಾಹನ ಚಲಾಯಿಸಿಕೊಂಡು ಹೋಗಬೇಡಿ.

ಆಸ್ಪಿರಿನ್ ಜಗಿಯಬೇಕೆಂಬ ಸಲಹೆಯನ್ನು ಅನೇಕರು ಕೇಳಿರುತ್ತಾರೆ. ಹೃದಯಾಘಾತದಲ್ಲಿ ಅದು ಉಪಯುಕ್ತವೇ ಹೌದು, ಆದರೆ ಈ ಕಾಯಿಲೆಯವರಲ್ಲಿ ಹಲವರು ರಕ್ತ ತೆಳುಗೊಳಿಸುವ ಔಷಧದ ಮೇಲಿರುತ್ತಾರೆ, ಕೆಲವರಿಗೆ ಕಫದಲ್ಲಿ ರಕ್ತ ಬರುತ್ತಿರುತ್ತದೆ. ಕಾಯಿಲೆಯ ಹೆಸರನ್ನೂ ಔಷಧಗಳನ್ನೂ ತುರ್ತು ಸೇವೆಯವರಿಗೆ ತಿಳಿಸಿ, ಅವರು ಹೇಳಿದರೆ ಮಾತ್ರ ತೆಗೆದುಕೊಳ್ಳಿ.

ಶ್ರಮಪಟ್ಟಾಗ ಬಂದು ಕುಳಿತ ಕೂಡಲೇ ಹೋಗುವ, ವೈದ್ಯರಿಗೆ ಈಗಾಗಲೇ ಗೊತ್ತಿರುವ ನೋವಾದರೆ ದಿನಾಂಕ, ಸಮಯ, ಮಾಡುತ್ತಿದ್ದ ಕೆಲಸ, ನೋವು ಉಳಿದ ಅವಧಿ ಇಷ್ಟನ್ನು ಬರೆದುಕೊಳ್ಳಿ. ಮೊದಲು ಎರಡು ಮಹಡಿ ಹತ್ತಿದರೆ ಬರುತ್ತಿದ್ದದ್ದು ಈಗ ಬಟ್ಟೆ ಬದಲಾಯಿಸುವಾಗಲೇ ಬರುತ್ತಿದ್ದರೆ ಮುಂದಿನ ಭೇಟಿಯ ದಿನಕ್ಕಾಗಿ ಕಾಯದೆ ಅಂದೇ ಕರೆ ಮಾಡಬೇಕು.

ಹಂತ 6: ಆಸ್ಪತ್ರೆಯಲ್ಲಿ ಏನು ನಡೆಯುತ್ತದೆ

ಇಸಿಜಿ, ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ನೋಡುವ ಟ್ರೊಪೊನಿನ್ ರಕ್ತಪರೀಕ್ಷೆ, ಎಕ್ಸ್‌-ರೇ ಮತ್ತು ಎಕೋ ಮೊದಲು ಆಗುತ್ತವೆ. ಟ್ರೊಪೊನಿನ್ ಏರಿದೆ ಎಂದಾಕ್ಷಣ ರಕ್ತನಾಳ ಕಟ್ಟಿದೆ ಎಂದಾಗುವುದಿಲ್ಲ, ಬಲ ಹೃತ್ಕುಕ್ಷಿಯ ಮೇಲೆ ಹೊರೆ ಬಿದ್ದಾಗಲೂ ಅದು ಏರುತ್ತದೆ. ಹೆಪ್ಪಿನ ಅನುಮಾನವಿದ್ದರೆ ಶ್ವಾಸಕೋಶದ ಸಿ.ಟಿ. ಆಂಜಿಯೋಗ್ರಾಂ ಮಾಡುತ್ತಾರೆ, ಹಳೆಯ ಹೆಪ್ಪುಗಳನ್ನು ಹುಡುಕಲು ಶ್ವಾಸಕೋಶದಲ್ಲಿ ಗಾಳಿಯ ಮತ್ತು ರಕ್ತದ ಹರಿವನ್ನು ಹೋಲಿಸಿ ನೋಡುವ ವಿ/ಕ್ಯೂ ಸ್ಕ್ಯಾನ್ ಎಂಬ ಪರೀಕ್ಷೆ ಹೆಚ್ಚು ಸೂಕ್ಷ್ಮ. ನಾಲ್ಕನೇ ಗುಂಪು ಎಂದು ಖಚಿತವಾದವರಲ್ಲಿ ಕೆಲವರಿಗೆ ಹೆಪ್ಪುಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಲು ಇಲ್ಲವೇ ಬಲೂನಿನಿಂದ ದಾರಿ ಬಿಡಿಸಲು ಸಾಧ್ಯವಿರುವುದರಿಂದ ಆ ಸ್ಕ್ಯಾನ್ ಒಮ್ಮೆಯೂ ಆಗಿಲ್ಲದವರು ಏಕೆ ಆಗಿಲ್ಲವೆಂದು ಕೇಳಬೇಕು.

ಹಂತ 7: ನೋವಿಲ್ಲದೆ ಬರುವ ತೊಡಕುಗಳ ಮೇಲೆ ಕಣ್ಣಿಡಿ

ಬಲ ಹೃದಯದ ವೈಫಲ್ಯ ಹೆಚ್ಚಾಗಿ ಸದ್ದಿಲ್ಲದೆ ಬರುತ್ತದೆ. ಸಂಜೆ ಚಪ್ಪಲಿ ಬಿಗಿಯಾಗುತ್ತದೆ, ಕಾಲ್ಚೀಲದ ಗುರುತು ಆಳವಾಗಿ ಉಳಿಯುತ್ತದೆ, ಹೊಟ್ಟೆ ಉಬ್ಬಿ ನಾಲ್ಕು ತುತ್ತಿಗೇ ಸಾಕೆನಿಸುತ್ತದೆ, ಯಕೃತ್ತು ಊದುವುದರಿಂದ ಬಲ ಪಕ್ಕೆಯ ಕೆಳಗೆ ಭಾರವೆನಿಸುತ್ತದೆ, ಕತ್ತಿನ ರಕ್ತನಾಳಗಳು ಉಬ್ಬಿ ಕಾಣುತ್ತವೆ. ಒಂದು ದಿನದಲ್ಲಿ ಒಂದು ಕಿಲೋಗಿಂತ ಹೆಚ್ಚು ಅಥವಾ ವಾರದಲ್ಲಿ ಎರಡು ಕಿಲೋಗಿಂತ ಹೆಚ್ಚು ತೂಕ ಏರಿದರೆ ಅದು ಕೊಬ್ಬಿನ ತೂಕವಲ್ಲ, ನೀರಿನ ತೂಕ. ಆಗ ನೀರು ಇಳಿಸುವ ಮಾತ್ರೆಯನ್ನು ಹೆಚ್ಚಿಸಬೇಕೇ ಎಂದು ವೈದ್ಯರನ್ನು ಕೇಳಿ. ಸ್ವಂತವಾಗಿ ಹೆಚ್ಚಿಸಿದರೆ ಪೊಟ್ಯಾಸಿಯಮ್ ಕುಸಿದು ಹೃದಯದ ಲಯ ತಪ್ಪಬಹುದು.

ಲಯದ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಏಟ್ರಿಯಲ್ ಫ್ಲಟರ್, ಏಟ್ರಿಯಲ್ ಫಿಬ್ರಿಲೇಷನ್ ಎಂಬ ಲಯದೋಷಗಳನ್ನು ಬೇರೆಯವರು ಕೆಲ ಕಾಲ ತಾಳಿಕೊಳ್ಳಬಹುದು, ಆದರೆ ಸೋಲುತ್ತಿರುವ ಬಲ ಹೃತ್ಕುಕ್ಷಿಗೆ ಹೃತ್ಕರ್ಣದಿಂದ ಸಿಗುವ ಕೊನೆಯ ತಳ್ಳಿಕೆ ತಪ್ಪಿದರೆ ಒಂದೆರಡು ದಿನಗಳಲ್ಲೇ ಇಡೀ ಸ್ಥಿತಿ ಹದಗೆಡುತ್ತದೆ. ಹೀಗಾಗಿ ವೈದ್ಯರು ಸಾಧ್ಯವಾದಷ್ಟು ಬೇಗ ಸಹಜ ಲಯವನ್ನು ಮರಳಿ ತರಲು ನೋಡುತ್ತಾರೆ. ಬಡಿತ ಇಳಿಸುವ ಬೀಟಾ ಬ್ಲಾಕರ್, ವೆರಪಾಮಿಲ್ ಮೊದಲಾದವು ಮೊದಲ ಗುಂಪಿನವರ ಹೃದಯವನ್ನು ಇನ್ನಷ್ಟು ದುರ್ಬಲಗೊಳಿಸಬಹುದು. ಎರಡನೇ ಗುಂಪಿನ ಅನೇಕರಿಗೆ ಬೀಟಾ ಬ್ಲಾಕರ್ ಬೇಕೇ ಬೇಕು. ಇದನ್ನು ಓದಿ ಯಾರೂ ತಮ್ಮ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಾರದು.

ಹಂತ 8: ಬಲ ಹೃದಯದ ಹೊರೆ ಇಳಿಸುವ ದಿನಚರಿ

ಉಸಿರು ಬಿಗಿಹಿಡಿದು ತಿಣುಕುವುದು ಈ ಕಾಯಿಲೆಯಲ್ಲಿ ಮೂರ್ಛೆ ತರಬಲ್ಲದು. ಮಲಬದ್ಧತೆಯನ್ನು ಸಣ್ಣ ವಿಷಯವೆಂದು ಬಿಡದೆ ಸರಿಪಡಿಸಿಕೊಳ್ಳಿ, ಭಾರವಾದ ವಸ್ತುಗಳನ್ನು ಎತ್ತಬೇಡಿ. ತುಂಬ ಬಿಸಿನೀರಿನ ಸ್ನಾನದಿಂದ ರಕ್ತನಾಳಗಳು ಹಿಗ್ಗಿ ಬಿ.ಪಿ. ಇಳಿಯುವುದರಿಂದ ಉಗುರುಬೆಚ್ಚಗಿನ ನೀರು ಸಾಕು, ಸ್ನಾನದ ಕೋಣೆಯ ಚಿಲಕ ಹಾಕದಿರುವುದು ಇನ್ನೂ ಒಳ್ಳೆಯದು. ಉಪ್ಪನ್ನು ಕಡಿಮೆ ಮಾಡಿ. ಮೂಗು ಕಟ್ಟಿದಾಗ ಕೊಳ್ಳುವ ಸ್ಯೂಡೊಎಫೆಡ್ರಿನ್ ಇರುವ ಶೀತದ ಮಾತ್ರೆಗಳು ಒತ್ತಡ ಏರಿಸುತ್ತವೆ, ಐಬುಪ್ರೊಫೆನ್ ಬಗೆಯ ನೋವುನಿವಾರಕಗಳು ದೇಹದಲ್ಲಿ ನೀರನ್ನು ಹಿಡಿದಿಡುತ್ತವೆ, ಎರಡನ್ನೂ ಕೇಳದೆ ನುಂಗಬೇಡಿ. ಹಾಗೆಂದು ಹಾಸಿಗೆಗೆ ಅಂಟಿಕೊಂಡಿರಬೇಕಾಗಿಲ್ಲ. ಸ್ಥಿತಿ ಸ್ಥಿರವಾಗಿದ್ದು, ತಜ್ಞರ ಮೇಲ್ವಿಚಾರಣೆಯಲ್ಲಿ ಮಾಡುವ ಮಿತವಾದ ವ್ಯಾಯಾಮದಿಂದ ನಡೆಯುವ ಶಕ್ತಿ ಹೆಚ್ಚುತ್ತದೆ. ಮಾತನಾಡುತ್ತ ನಡೆಯಲು ಆಗುವಷ್ಟು ವೇಗವೇ ನಿಮ್ಮ ಮಿತಿ ಎಂದುಕೊಳ್ಳಿ, ತಲೆ ಹಗುರವೆನಿಸಿದರೆ ನಿಲ್ಲಿ.

ಗರ್ಭಧಾರಣೆ ತಾಯಿಯ ಜೀವಕ್ಕೆ ಬಹು ದೊಡ್ಡ ಅಪಾಯ ತರುತ್ತದೆ, ಜೊತೆಗೆ ಬೊಸೆಂಟಾನ್, ಆಂಬ್ರಿಸೆಂಟಾನ್, ಮಾಸಿಟೆಂಟಾನ್, ರಿಯೋಸಿಗುವಾಟ್ ಇವು ಭ್ರೂಣಕ್ಕೆ ಹಾನಿಕರ. ಗರ್ಭನಿರೋಧದ ಮಾತನ್ನು ಚಿಕಿತ್ಸೆಯ ಆರಂಭದಲ್ಲೇ ಆಡಿ ಮುಗಿಸಬೇಕು. ಸಮುದ್ರಮಟ್ಟದಿಂದ 1500 ಮೀಟರ್‌ಗಿಂತ ಎತ್ತರದ ಜಾಗಗಳಿಗೂ ವಿಮಾನ ಪ್ರಯಾಣಕ್ಕೂ ಹೊರಡುವ ಮುನ್ನ ಆಮ್ಲಜನಕ ಬೇಕಾದೀತೇ ಎಂದು ವಿಚಾರಿಸಿ, ಔಷಧವನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಹಲ್ಲು ಕೀಳಿಸುವುದರಿಂದ ಹಿಡಿದು ಹರ್ನಿಯಾದವರೆಗೆ ಯಾವುದೇ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡುವ ಮುಂಚೆ, ಅರಿವಳಿಕೆ ಕೊಡುವ ವೈದ್ಯರ ಕೈಗೆ ನಾಲ್ಕನೇ ಹಂತದಲ್ಲಿ ಬರೆದ ಅದೇ ಚೀಟಿಯನ್ನು ಕೊಡಿ, ಅವರು ನಿಮ್ಮ ತಜ್ಞರೊಡನೆ ಮಾತನಾಡಿದ ಮೇಲೆ ದಿನಾಂಕ ನಿಗದಿಯಾಗಲಿ.